ಬುಧವಾರದ ಹಾಯಿದೋಣಿ ಪಂದ್ಯಕ್ಕೆ ಯಾವ ಲೆಕ್ಕ ಸರಿ? ಮೂರು ರಿಯಾಯಿತಿ ಪದ್ಧತಿಗಳ ಹೋಲಿಕೆ

ಹೋದ ವರ್ಷದ ಮೇ ತಿಂಗಳಲ್ಲಿ 32,000 ರೂಪಾಯಿ ಕೊಟ್ಟು, ರಿಮೋಟಿನಿಂದ ನಡೆಯುವ ಒಂದು ಮೀಟರ್ ಉದ್ದದ ಹಾಯಿದೋಣಿಯೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಧಾರವಾಡದ ಕೆಲಗೇರಿ ಕೆರೆಯ ದಂಡೆಯ ಮೇಲೆ ಬುಧವಾರ ಸಂಜೆ ಸೇರುವ ನಮ್ಮ ಐವರ ಗುಂಪಿನಲ್ಲಿ ಅದಕ್ಕಿಂತ ವೇಗದ ದೋಣಿ ಇರಲಿಲ್ಲ. ಆಷಾಢದ ನಾಲ್ಕೂ ವಾರ ಗೆರೆಯನ್ನು ಮೊದಲು ದಾಟಿದವನು ನಾನೇ, ನಿಧಾನದ ದೋಣಿಗಳಿಗೆ ಸಮಯದಲ್ಲಿ ಕೊಡುವ ರಿಯಾಯಿತಿಯನ್ನು ಕಳೆದ ಮೇಲೆ ನಾಲ್ಕೂ ವಾರ ಪಟ್ಟಿಯಲ್ಲಿ ಮೂರನೆಯವನಾದವನೂ ನಾನೇ. ಆಗ ಬಂದ ಸಿಟ್ಟೇ ಈ ಹೋಲಿಕೆಗೆ ಮೂಲ. ಅಲ್ಲಿಂದ ಇಲ್ಲಿಯವರೆಗೆ ನಾವು ಮೂರು ಬಗೆಯ ರಿಯಾಯಿತಿ ಲೆಕ್ಕಗಳನ್ನು ಬಳಸಿ ನೋಡಿದ್ದೇವೆ. ನನ್ನ ಒಲವು ಮೂರನೆಯದರ ಕಡೆಗಿದೆ ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ನಿಧಾನದ ದೋಣಿ ಮೊದಲು ಹೊರಟು, ವೇಗದ ದೋಣಿ ಕೊನೆಗೆ ಹೊರಟು, ಮೊದಲು ಗೆರೆ ದಾಟಿದವರೇ ಗೆದ್ದವರಾಗುವ ಆ ಬಗೆಯನ್ನು ನಾವು ಬೆನ್ನಟ್ಟುವ ಪಂದ್ಯ ಎಂದು ಕರೆಯುತ್ತೇವೆ.

ನಮ್ಮ ದೋಣಿಗಳು ಒಂದಕ್ಕೊಂದು ಹೋಲುವುದಿಲ್ಲ. ನನ್ನದು ಒಂದು ಮೀಟರಿನದು. ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರದು 95 ಸೆಂಟಿಮೀಟರಿನದು. 65 ಸೆಂಟಿಮೀಟರಿನವು ಎರಡಿವೆ, ಅವುಗಳಲ್ಲಿ ಒಂದನ್ನು ನಡೆಸುವವಳು ಕಾಲೇಜು ವಿದ್ಯಾರ್ಥಿನಿ. ಐದನೆಯದು ಬಡಗಿ ಮಿತ್ರರು ಸಾಗವಾನಿ ಪಟ್ಟಿಗಳಿಂದ ಸ್ವತಃ ಮಾಡಿದ ದೋಣಿ. ನೋಡಲು ಎಲ್ಲಕ್ಕಿಂತ ಚೆಂದ, ತೂಕವೂ ಎಲ್ಲಕ್ಕಿಂತ ಹೆಚ್ಚು. ಇಟ್ಟಿಗೆ ಕಟ್ಟಿ ತೇಲಿಬಿಟ್ಟ ಖಾಲಿ ಎಣ್ಣೆ ಕ್ಯಾನುಗಳೇ ನಮ್ಮ ಗುರುತುಗಳು. ಅವುಗಳನ್ನು ಬಳಸಿ ಆರು ಸುತ್ತು ಹಾಕಬೇಕು. ನೀರನ್ನು ಸೀಳುವ ದೋಣಿಯ ವೇಗದ ಮಿತಿ ಅದರ ಉದ್ದದ ವರ್ಗಮೂಲಕ್ಕೆ ತಕ್ಕಂತೆ ಇರುವುದರಿಂದ, ಉದ್ದನೆಯ ದೋಣಿ ಮುಂದೆ ಹೋಗುವುದಕ್ಕೆ ನಡೆಸುವವರ ಜಾಣತನ ಬೇಕೆಂದೇನಿಲ್ಲ. ರಿಯಾಯಿತಿ ಇಲ್ಲದೆ ಇಂಥ ಗುಂಪಿನಲ್ಲಿ ಪಂದ್ಯವೇ ನಡೆಯಲಾರದು.

ನಾನು ಸೇರಿಕೊಂಡಾಗ ಗುಂಪಿನಲ್ಲಿ ಬಳಕೆಯಲ್ಲಿದ್ದದ್ದು, ನಿಧಾನದ ದೋಣಿಯ ಸಮಯದಿಂದ ಒಂದು ಸುತ್ತಿಗೆ ಇಷ್ಟು ಸೆಕೆಂಡು ಎಂದು ಕಳೆಯುವ ಲೆಕ್ಕ. ಅಮೆರಿಕದ ದೊಡ್ಡ ಹಾಯಿದೋಣಿಗಳಿಗೆ ಬಳಸುವ ಪಿಎಚ್‌ಆರ್‌ಎಫ್ ಪದ್ಧತಿಯ ತಿರುಳೂ ಇದೇ. ಅಲ್ಲಿ ನಾಟಿಕಲ್ ಮೈಲಿಗೆ ಇಷ್ಟು ಸೆಕೆಂಡು ಎಂದು ಗೊತ್ತುಪಡಿಸುತ್ತಾರೆ. ಜೆ-24 ಎಂಬ ಜನಪ್ರಿಯ ದೋಣಿಗೆ ಅದು ಸುಮಾರು 170ರ ಆಸುಪಾಸಿನಲ್ಲಿರುತ್ತದೆ. ನಮ್ಮಲ್ಲಿ 65ರ ದೋಣಿಗೆ ಸುತ್ತಿಗೆ 36 ಸೆಕೆಂಡಿನ ರಿಯಾಯಿತಿ ಇತ್ತು. ನನ್ನ ದೋಣಿ ಒಂದು ಸುತ್ತನ್ನು ನಾಲ್ಕು ನಿಮಿಷದಲ್ಲಿ ಮುಗಿಸುವಂಥ ಹದವಾದ ಗಾಳಿಯಲ್ಲಿ ಈ ಅಂಕಿ ಸರಿಯಾಗಿಯೇ ಇದೆ, ಏಕೆಂದರೆ 65ರ ದೋಣಿಗೆ ನನ್ನದಕ್ಕಿಂತ ನೂರಕ್ಕೆ 15ರಷ್ಟು ಹೆಚ್ಚು ಸಮಯ ಹಿಡಿಯುತ್ತದೆ, 240 ಸೆಕೆಂಡಿಗೆ ಅದು 36 ಆಗುತ್ತದೆ. ಆದರೆ ಆಷಾಢದ ಪಡುವಣ ಗಾಳಿಯಲ್ಲಿ ಅದೇ ಸುತ್ತು ಮೂರು ನಿಮಿಷಕ್ಕೆ ಮುಗಿಯುತ್ತದೆ. ಆಗ ಕೊಡಬೇಕಾದದ್ದು 27, ನಾವು ಕೊಡುತ್ತಿದ್ದದ್ದು 36. ಆರು ಸುತ್ತಿಗೆ 54 ಸೆಕೆಂಡುಗಳನ್ನು ನಾನು ಕೈಯಾರೆ ದಾನ ಮಾಡಿದಂತಾಯಿತು. ಗಾಳಿ ಸತ್ತ ದಿನ ಒಂದು ಸುತ್ತಿಗೆ ಆರು ನಿಮಿಷ ಹಿಡಿದರೆ ಲೆಕ್ಕ ತಿರುಗಿ ನಿಲ್ಲುತ್ತದೆ: ಕೊಡಬೇಕಾದದ್ದು 54, ಕೊಡುವುದು ಅದೇ 36. ಗಪ್ಪಾದ ಗಾಳಿಯಲ್ಲಿ ದೊಡ್ಡ ದೋಣಿಗೆ, ಬಿರುಸಾದ ಗಾಳಿಯಲ್ಲಿ ಸಣ್ಣ ದೋಣಿಗೆ ಲಾಭವಾಗುವ ಈ ಪದ್ಧತಿಯಲ್ಲಿ ಗೆಲುವನ್ನು ಪಂಚಾಂಗವೇ ನಿರ್ಧರಿಸುತ್ತದೆ ಎಂದು ನಾನು ಜಗಳ ತೆಗೆದೆ. ಶ್ರಾವಣ ಬರುವ ಹೊತ್ತಿಗೆ ಅದನ್ನು ಕೈಬಿಟ್ಟೆವು.

ಎರಡನೆಯದು ಭಾಗಾಕಾರದ ಲೆಕ್ಕ. ಬ್ರಿಟನ್ನಿನ ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್ ಪದ್ಧತಿಯಿಂದ ನಾವು ಎರವಲು ಪಡೆದದ್ದು ಸೂತ್ರವನ್ನು ಮಾತ್ರ. ಅಲ್ಲಿನ ಅಂಕಿಗಳು ಮನುಷ್ಯರು ಕುಳಿತು ನಡೆಸುವ ದೋಣಿಗಳವು, ನಮ್ಮ ಕೆರೆಗೆ ಹೊಂದುವಂಥವಲ್ಲ. ಹಿಡಿದ ಸಮಯವನ್ನು 1000ದಿಂದ ಗುಣಿಸಿ ದೋಣಿಯ ಅಂಕಿಯಿಂದ ಭಾಗಿಸಬೇಕು. ಅಂಕಿ ದೊಡ್ಡದಾದಷ್ಟೂ ದೋಣಿ ನಿಧಾನದ್ದು ಎಂದು ಅರ್ಥ: ಲೇಸರ್ ದೋಣಿಯ ಅಂಕಿ ಸುಮಾರು 1100, ಮಕ್ಕಳ ಆಪ್ಟಿಮಿಸ್ಟ್ ದೋಣಿಯದು 1600ಕ್ಕೂ ಹೆಚ್ಚು. ಎಂಟು ವಾರಗಳ ಸಮಯಗಳನ್ನು ನೋಡಿಕೊಂಡು ನಾವು ನಮ್ಮವೇ ಅಂಕಿಗಳನ್ನು ಹಾಕಿಕೊಂಡೆವು: ನನ್ನದು 1000, 95ರದು 1040, 65ರವು 1150, ಸಾಗವಾನಿಯದು 1250. ನಾನು 1440 ಸೆಕೆಂಡಿಗೆ ಮುಗಿಸಿ, ವಿದ್ಯಾರ್ಥಿನಿ 1650ಕ್ಕೆ ಮುಗಿಸಿದರೆ ಅವಳ ಸಮಯ 1435 ಆಗುತ್ತದೆ, ಅವಳು ಗೆಲ್ಲುತ್ತಾಳೆ. ಗಾಳಿ ಹೆಚ್ಚಲಿ, ಕಡಿಮೆಯಾಗಲಿ, ರಿಯಾಯಿತಿಯೂ ಅದರೊಂದಿಗೆ ಹಿಗ್ಗುತ್ತದೆ, ಕುಗ್ಗುತ್ತದೆ. ಕಾಗದದ ಮೇಲೆ ಮೂರರಲ್ಲಿ ಇದೇ ಅತ್ಯಂತ ನ್ಯಾಯವಾದದ್ದು ಎಂದು ಈಗಲೂ ಒಪ್ಪುತ್ತೇನೆ.

ಕಾಗದದಿಂದ ಕೆರೆಗೆ ಇಳಿದಾಗ ತೊಡಕು ಎದುರಾಯಿತು, ಮತ್ತು ಆ ತೊಡಕಿನ ಹೆಸರು ಮುಸ್ಸಂಜೆ. ನಾವು ಐದೂವರೆಗಿಂತ ಮೊದಲು ಪಂದ್ಯ ಆರಂಭಿಸಲಾರೆವು, ಏಕೆಂದರೆ ಕಚೇರಿ ಇರುವವರಿಗೆ ಬಿಡುವಾಗುವುದೇ ಐದರ ನಂತರ. ಡಿಸೆಂಬರಿನಲ್ಲಿ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಹಗಲು ನೆಲ ಕಾದಿರುವಾಗ ಮೇಲಿನ ಗಾಳಿ ಕೆಳಕ್ಕೆ ಬೆರೆಯುತ್ತಿರುತ್ತದೆ. ಹೊತ್ತು ಮುಳುಗಿ ನೆಲ ತಣಿದೊಡನೆ ಆ ಬೆರಕೆ ನಿಂತು, ನೀರಿನ ಮೇಲಿನ ಗಾಳಿ ದೀಪ ಆರಿಸಿದಂತೆ ಆರಿಹೋಗುತ್ತದೆ. ಒಂದು ಸಂಜೆ ನಾನು ಒಳ್ಳೆಯ ಗಾಳಿಯಲ್ಲಿಯೇ ಆರೂ ಸುತ್ತು ಮುಗಿಸಿದೆ. 65ರ ಎರಡೂ ದೋಣಿಗಳಿಗೆ ಇನ್ನು ಅರ್ಧ ಸುತ್ತು ಬಾಕಿ ಇರುವಾಗ ಗಾಳಿ ನಿಂತಿತು. ಎರಡು ನಿಮಿಷದ ದಾರಿಗೆ ಹೆಚ್ಚುವರಿಯಾಗಿ ಒಂಬತ್ತು ನಿಮಿಷ ಹಿಡಿಯಿತು. ಭಾಗಾಕಾರ ಇದನ್ನು ಸರಿಪಡಿಸುವುದಿಲ್ಲ: 540 ಸೆಕೆಂಡಿನ ನಷ್ಟವನ್ನು 470 ಎಂದು ಬರೆಯುತ್ತದೆ, ಅಷ್ಟೆ. ಅಂದು ಪಟ್ಟಿಯಲ್ಲಿಯೂ ನಾನೇ ಮೊದಲಿಗನಾದೆ, ಆದರೆ ಅದನ್ನು ಗೆಲುವು ಎಂದು ಕರೆಯಲು ನನಗೇ ನಾಚಿಕೆಯಾಯಿತು. ಬೇಗ ಮುಗಿಸುವ ದೋಣಿಗೆ ಒಂದು ಗಾಳಿ, ತಡವಾಗಿ ಮುಗಿಸುವ ದೋಣಿಗೆ ಇನ್ನೊಂದು ಗಾಳಿ ಎಂದಾದಾಗ ಯಾವ ಅಂಕಿಯನ್ನು ಹಾಕಿದರೂ ಅದು ದೋಣಿಯನ್ನು ಅಳೆಯುವುದಿಲ್ಲ, ಗಡಿಯಾರದಲ್ಲಿನ ಹೊತ್ತನ್ನು ಅಳೆಯುತ್ತದೆ.

ಇದರೊಂದಿಗೆ ಇನ್ನೊಂದು ಕಿರಿಕಿರಿಯೂ ಇತ್ತು. ಮಬ್ಬುಗತ್ತಲಲ್ಲಿ ಎರಡು ಬಿಳಿ ಹಾಯಿಗಳು ಜೊತೆಜೊತೆಗೆ ಗೆರೆ ದಾಟಿದರೆ ಯಾವುದಕ್ಕೆ ಯಾವ ಸೆಕೆಂಡು ಬರೆಯಬೇಕು ಎಂಬುದೇ ತಿಳಿಯುತ್ತಿರಲಿಲ್ಲ. ತೊಯ್ದ ನೋಟ್‌ಬುಕ್ಕನ್ನು ಮನೆಗೆ ಒಯ್ದು, ಊಟವಾದ ಮೇಲೆ ಭಾಗಾಕಾರ ಮಾಡಿ, ರಾತ್ರಿ ಒಂಬತ್ತೂವರೆಗೆ ಫಲಿತಾಂಶವನ್ನು ವಾಟ್ಸಾಪಿನಲ್ಲಿ ಹಾಕುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಅಷ್ಟು ಹೊತ್ತಿಗೆ ಯಾರಿಗೂ ಅದರಲ್ಲಿ ಆಸಕ್ತಿ ಉಳಿದಿರುತ್ತಿರಲಿಲ್ಲ. ವಿದ್ಯಾರ್ಥಿನಿ ಒಂದು ದಿನ ನೇರವಾಗಿಯೇ ಕೇಳಿದಳು: "ಕಾಕಾ, ಯಾರು ಗೆದ್ರು ಅಂತ ಈಗ ಇಲ್ಲೇ ಹೇಳ್ರಿ, ರಾತ್ರಿ ಹೇಳಿದ್ರ ಏನ್ ಉಪಯೋಗ?"

ಜನವರಿಯಿಂದ ಬೆನ್ನಟ್ಟುವ ಪಂದ್ಯಕ್ಕೆ ಬಂದೆವು. ಅಂಕಿಗಳು ಅವೇ, ಭಾಗಾಕಾರವನ್ನು ಮಾತ್ರ ಮೊದಲೇ ಮುಗಿಸಿಕೊಳ್ಳುತ್ತೇವೆ. ಸಾಗವಾನಿ ದೋಣಿಗೆ ಆರು ಸುತ್ತಿಗೆ 36 ನಿಮಿಷ ಎಂದು ಹಿಡಿದರೆ, ಅದು ಹೊರಟ 2 ನಿಮಿಷ 53 ಸೆಕೆಂಡಿಗೆ 65ರವು, 6 ನಿಮಿಷ 3 ಸೆಕೆಂಡಿಗೆ 95ರದು, 7 ನಿಮಿಷ 12 ಸೆಕೆಂಡಿಗೆ ನನ್ನದು ಹೊರಡಬೇಕು. ಖರ್ಚು ಒಂದು ಸೀಟಿ ಮಾತ್ರ, ಗಡಿಯಾರ ಮೊಬೈಲಿನಲ್ಲಿಯೇ ಇದೆ. ಕೊನೆಯ ಸುತ್ತಿನಲ್ಲಿ ಐದೂ ದೋಣಿಗಳು ಒಂದೆಡೆ ಸೇರುತ್ತವೆ. ಗಾಳಿ ನಿಂತರೆ ಐದಕ್ಕೂ ಒಟ್ಟಿಗೆ ನಿಲ್ಲುತ್ತದೆ. ಕೆರೆಯ ದಂಡೆಗೆ ವಾಯುವಿಹಾರಕ್ಕೆ ಬಂದವರಿಗೂ ಯಾರು ಗೆದ್ದರೆಂಬುದು ತಾನಾಗಿಯೇ ತಿಳಿಯುತ್ತದೆ. ನಮ್ಮ ಸೀಮೆಯ ಎಷ್ಟೋ ಊರುಗಳಲ್ಲಿ ಖಾಲಿ ಗಾಡಾ ಓಟ, ಅಂದರೆ ಖಾಲಿ ಎತ್ತಿನ ಗಾಡಿಯ ಓಟ, ನಡೆಸುವಾಗ ಒಂದೊಂದೇ ಜೋಡಿ ಎತ್ತು ಓಡಿಸಿ, ಒಂದು ನಿಮಿಷದಲ್ಲಿ ಕ್ರಮಿಸಿದ ದೂರ ಅಳೆಯುತ್ತಾರೆ. ಅಲ್ಲಿ ಅದು ನಡೆಯುತ್ತದೆ, ಏಕೆಂದರೆ ನೆಲ ಸಂಜೆಯವರೆಗೂ ನೆಲವೇ ಆಗಿರುತ್ತದೆ.

ದೋಷಗಳಿಲ್ಲವೆಂದಲ್ಲ. ಮೊದಲ ಏಳು ನಿಮಿಷದ ಒಳ್ಳೆಯ ಗಾಳಿ ಸಾಗವಾನಿ ದೋಣಿಗೆ ಸಿಕ್ಕು ನನಗೆ ಸಿಗದೆ ಹೋದದ್ದರಿಂದ ಎರಡು ಸಲ ಸೋತಿದ್ದೇನೆ. ಬಿರುಗಾಳಿಯಲ್ಲಿ ಉದ್ದದ ಲಾಭ ಇನ್ನೂ ಹೆಚ್ಚುವುದರಿಂದ ಈ ಸಲದ ಆಷಾಢಕ್ಕೆ ಅಂಕಿಗಳ ಬೇರೊಂದು ಪಟ್ಟಿಯನ್ನೇ ಮಾಡಬೇಕಾಯಿತು. ಕೊನೆಯ ಕ್ಯಾನಿನ ಬಳಿ ಐದೂ ದೋಣಿಗಳು ಮುತ್ತಿಕೊಂಡಾಗ ಗಲಾಟೆಯಾಗುತ್ತದೆ. ಮಾದರಿ ದೋಣಿಗಳ ನಿಯಮದಲ್ಲಿ ಗುರುತಿನ ಸುತ್ತ ಒಳಬದಿಯ ದೋಣಿಗೆ ಜಾಗ ಬಿಡಬೇಕಾದ ವಲಯವೆಂದರೆ, ಅದಕ್ಕೆ ಹತ್ತಿರವಿರುವ ದೋಣಿಯ ಉದ್ದದ ನಾಲ್ಕರಷ್ಟು. ಹತ್ತಿರವಿರುವುದು 65ರ ದೋಣಿಯಾದರೆ 2.6 ಮೀಟರ್, ನನ್ನದಾದರೆ 4 ಮೀಟರ್. ದಂಡೆಯ ಮೇಲೆ ನಿಂತು ಇದನ್ನು ಕಣ್ಣಳತೆಯಲ್ಲಿ ತೀರ್ಮಾನಿಸುವಾಗ ಸಾಕಷ್ಟು ಮಾತು ಬೆಳೆಯುತ್ತದೆ.

ಪ್ರತಿ ವಾರ ಗೆದ್ದವರ ಅಂಕಿಯನ್ನು ಇಳಿಸುವ, ಸೋತವರದನ್ನು ಏರಿಸುವ ಪದ್ಧತಿಯನ್ನು ನಡುವೆ ಮೂರು ವಾರ ನೋಡಿದೆವು. ಬೇಕೆಂದೇ ನಿಧಾನವಾಗಿ ನಡೆಸಿದರೆಂಬ ಅನುಮಾನ ಎರಡನೆಯ ವಾರಕ್ಕೇ ಹುಟ್ಟಿದ್ದರಿಂದ ಬಿಟ್ಟೆವು.

ಹತ್ತು ಹನ್ನೆರಡು ದೋಣಿಗಳಿದ್ದು, ಸಮಯ ಬರೆಯಲು ಪ್ರತ್ಯೇಕ ಜನರಿದ್ದು, ಭಾನುವಾರ ಬೆಳಿಗ್ಗೆ ಆಡುವುದಾದರೆ ನಾನು ಭಾಗಾಕಾರಕ್ಕೇ ಮರಳುತ್ತಿದ್ದೆ. ಆದರೆ ನಾನು ಹುಬ್ಬಳ್ಳಿಗೆ ಹಿಂತಿರುಗಬೇಕಾದವನು, ದೋಣಿಗೆ ಹಣ ಸುರಿದ ಮೇಲೆ ಬೇರೇನನ್ನೂ ಕೊಳ್ಳಲಾರದವನು, ಹಾಯಿಯ ಕಂಬ ಬಿಚ್ಚಿದ ದೋಣಿಯನ್ನು ತೊಡೆಯ ಮೇಲಿಟ್ಟುಕೊಂಡು ಚಿಗರಿ ಬಸ್ಸಿನಲ್ಲಿ ಕೂರುವವನು. ಬಸ್ಸು ಹತ್ತುವ ಮೊದಲೇ ಫಲಿತಾಂಶ ಮುಗಿದಿರಬೇಕು ಎಂಬುದೇ ನನಗೆ ಮುಖ್ಯ.

ಕಳೆದ ಬುಧವಾರ ಉಳಿದ ನಾಲ್ವರೂ ಕೈ ಎತ್ತಿ ನನ್ನ ಅಂಕಿಯನ್ನು 990ಕ್ಕೆ ಇಳಿಸಿದರು. ಇನ್ನು ಮುಂದೆ ನಾನು ಹೊರಡಬೇಕಾದದ್ದು 7 ನಿಮಿಷ 29 ಸೆಕೆಂಡಿಗೆ. ಆ ಹದಿನೇಳು ಸೆಕೆಂಡುಗಳನ್ನು ಕುರಿತು ನನ್ನ ತಕರಾರು ಇನ್ನೂ ಬಾಕಿ ಇದೆ.