ಕುಕ್ಕರ್ ಕೂಗು ಎಣಿಸುವ ಡಬ್ಬಿ (ಮೇಲಿನ ಮನೆಯದ್ದೂ ಸೇರಿ)

ಈ ಡಬ್ಬಿಗೆ ಎಣಿಸಲು ಚೆನ್ನಾಗಿ ಬರುತ್ತದೆ. ಯಾರ ಮನೆ ಕುಕ್ಕರ್ ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಇದನ್ನು ತಂದು ವರ್ಷದ ಮೇಲಾಯಿತು, ಈಗಲೂ ನನ್ನ ದೊಡ್ಡ ತಕರಾರು ಅದೇ.

ವಿಷಲ್ ಕೌಂಟರ್ ಅಂತ ಹುಡುಕಿದರೆ ಆನ್‌ಲೈನ್‌ನಲ್ಲಿ ಒಂದೆರಡು ಬಗೆ ಸಿಗುತ್ತವೆ. ಅಳತೆ, ಬ್ಯಾಟರಿ, ಬಣ್ಣ ಎಲ್ಲ ಅಲ್ಲೇ ಹಾಕಿರುತ್ತಾರೆ, ಮತ್ತೆ ಬರೆಯುವುದಿಲ್ಲ. ಅಂಗೈ ಅಗಲದ ಡಬ್ಬಿ, ಒಳಗೊಂದು ಮೈಕ್. ಮೂರು ಕೂಗು ಬೇಕು ಅಂತ ಬಟನ್ ಒತ್ತಿದರೆ, ಮೂರು ಆದ ಮೇಲೆ ಬೀಪ್ ಬೀಪ್ ಅಂತ ಬಡಿದುಕೊಳ್ಳುತ್ತದೆ, ಕೆಂಪು ದೀಪ ಮಿನುಗಿಸುತ್ತದೆ. ಗ್ಯಾಸ್ ಆರಿಸುವುದಿಲ್ಲ. ಅದಕ್ಕೆ ನಾವೇ ಎದ್ದು ಹೋಗಬೇಕು. ನಾನು ಕೊಟ್ಟಿದ್ದು ಸಾವಿರ ರೂಪಾಯಿಗೆ ಸ್ವಲ್ಪ ಕಡಿಮೆ.

ತಂದಿದ್ದು ಮನೆಯಿಂದ ಕೆಲಸ ಮಾಡುವ ಕಾರಣಕ್ಕೆ. ಬೆಳಗ್ಗೆ ಮೀಟಿಂಗ್ ಶುರುವಾದರೆ ಕಿವಿಗೆ ಹೆಡ್‌ಫೋನ್, ಅದೂ ಹೊರಗಿನ ಸದ್ದನ್ನೆಲ್ಲ ನುಂಗಿಹಾಕುವಂಥದ್ದು. ಕುಕ್ಕರ್ ಕೂಗಿದ್ದು ಕೇಳಿಸುವುದಿಲ್ಲ. ಕೇಳಿಸಿದರೂ ಅದು ಎರಡನೆಯದೋ ಮೂರನೆಯದೋ ಅನ್ನುವ ಅನುಮಾನ. ಅಮ್ಮನನ್ನು ಕೇಳಿದರೆ "ನಾನೇನು ಎಣಿಸ್ತಾ ಕೂತಿದ್ನಾ?" ಅನ್ನುತ್ತಾರೆ. ಡಬ್ಬಿ ಬಂದ ದಿನ ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಮೂರರ ತನಕ ಎಣಿಸೋಕೂ ಮಿಷಿನ್ ಬೇಕಾ?" ಅಂದಿದ್ದರು. ನನಗೆ ಬೇಕಿತ್ತು.

ನಮ್ಮ ಬೆಳಗಿನ ಕುಕ್ಕರ್ ಹೀಗಿರುತ್ತದೆ. ಐದು ಲೀಟರಿನ ಅಲ್ಯೂಮಿನಿಯಂ ಕುಕ್ಕರ್. ತಳಕ್ಕೆ ಎರಡು ಲೋಟ ನೀರು, ಅದರಲ್ಲಿ ಹಿಂಡಿ ಉಳಿದ ನಿಂಬೆ ಸಿಪ್ಪೆ. ಸಿಪ್ಪೆ ಹಾಕದಿದ್ದರೆ ಒಳಗೆಲ್ಲ ಕಪ್ಪಾಗುತ್ತದೆ. ಕೆಳಗಿನ ಪಾತ್ರೆಗೆ ತೊಗರಿಬೇಳೆ, ಚಿಟಿಕೆ ಅರಿಶಿನ, ಒಂದು ತೊಟ್ಟು ಎಣ್ಣೆ. ಎಣ್ಣೆ ಬಿದ್ದರೆ ಬೇಳೆಯ ನೊರೆ ಉಕ್ಕಿ ಬಂದು ವೆಯ್ಟಿನ ಬಾಯಿಗೆ ಸಿಕ್ಕಿಕೊಳ್ಳುವುದು ಕಡಿಮೆ. ಅದರ ಮೇಲೆ ಅನ್ನದ ಪಾತ್ರೆ. ಜಾಗ ಉಳಿದರೆ ತಟ್ಟೆಯಲ್ಲಿ ನಾಲ್ಕು ಹುರುಳಿಕಾಯಿ. ಮುಚ್ಚಳ ಹಾಕಿ, ಆವಿ ಜೋರಾಗಿ ಬರಲು ಶುರುವಾದ ಮೇಲೆ ವೆಯ್ಟ್ ಇಟ್ಟು, ಡಬ್ಬಿಯ ಬಟನ್ ಒತ್ತುವುದು. ಟಿಕ್, ಟಿಕ್, ಟಿಕ್. ಪರದೆಯಲ್ಲಿ 3. ಅಲ್ಲಿಗೆ ಆ ಕೆಲಸ ನನ್ನ ತಲೆಯಿಂದ ಇಳಿಯಿತು. ಈ ಟಿಕ್ ಟಿಕ್ ನನಗೆ ಎಷ್ಟು ಇಷ್ಟ ಅಂದರೆ, ಡಬ್ಬಿಯ ಬಗ್ಗೆ ಎಷ್ಟೇ ಬೈದುಕೊಂಡರೂ ಮಾರನೆಯ ಬೆಳಗ್ಗೆ ಕೈ ತಾನಾಗಿ ಅದರ ಕಡೆಗೇ ಹೋಗುತ್ತದೆ.

ಇನ್ನು ಬೈಗುಳದ ವಿಷಯ. ನಮ್ಮದು ಬೆಂಗಳೂರಿನ ಮಾಮೂಲಿ ಅಪಾರ್ಟ್‌ಮೆಂಟ್. ಅಡುಗೆಮನೆಗೆ ಹೊಂದಿಕೊಂಡು ಯುಟಿಲಿಟಿ, ಅದರ ಆಚೆ ಡಕ್ಟ್, ಅಂದರೆ ಮೇಲಿನಿಂದ ಕೆಳಗಿನ ತನಕ ಖಾಲಿ ಬಿಟ್ಟ ಕಿರಿದಾದ ಸಂದು. ಎಲ್ಲ ಮಹಡಿಯ ಅಡುಗೆಮನೆಗಳೂ ಆ ಡಕ್ಟಿಗೇ ಬಾಯಿ ತೆರೆದಿವೆ. ಬೆಳಗ್ಗೆ ಎಂಟು ಗಂಟೆಗೆ ಅಲ್ಲಿ ನಡೆಯುವುದು ಕುಕ್ಕರ್‌ಗಳ ಕಛೇರಿ. ಒಂದು ಮುಗಿಸುವುದರೊಳಗೆ ಇನ್ನೊಂದು ಎತ್ತಿಕೊಳ್ಳುತ್ತದೆ. ನಮ್ಮ ಕುಕ್ಕರ್ ಒಮ್ಮೆ ಕೂಗಿತು, ಪರದೆಯಲ್ಲಿ ಒಂದು. ಮೇಲಿನ ಮನೆಯದು ಕೂಗಿತು, ಎರಡು. ಎದುರುಗಡೆಯದು ಕೂಗಿತು, ಮೂರು. ಬೀಪ್ ಬೀಪ್ ಬೀಪ್! ನಾನು ಖುಷಿಯಾಗಿ ಹೋಗಿ ಗ್ಯಾಸ್ ಆರಿಸಿ ಬಂದೆ. ಊಟಕ್ಕೆ ಕೂತಾಗ ಅನ್ನ ಅರೆಬೆಂದಿತ್ತು. ಬೇಳೆ ನೀರಿನ ತಳದಲ್ಲಿ ಕಾಳು ಕಾಳಾಗಿ ಕೂತಿತ್ತು. ಸೌಟಿನ ಹಿಂಬದಿಯಲ್ಲಿ ಒತ್ತಿದರೆ ಜಾರಿಕೊಳ್ಳುತ್ತಿತ್ತೇ ಹೊರತು ಮಸೆಯುತ್ತಿರಲಿಲ್ಲ.

ಇದು ಒಂದು ದಿನದ ಕಥೆಯಲ್ಲ. ಮಿಕ್ಸಿಯಲ್ಲಿ ಕಾಯಿ ರುಬ್ಬಿದರೂ ಒಮ್ಮೊಮ್ಮೆ ಒಂದು ಜಾಸ್ತಿ. ವಾಚ್‌ಮನ್ ಕಾರು ರಿವರ್ಸ್ ತೆಗೆಸಲು ಸೀಟಿ ಊದಿದರೆ ಒಂದು ಜಾಸ್ತಿ. ಒಂದೇ ಒಲೆಯ ಮೇಲೆ ನಮ್ಮದೇ ಎರಡು ಕುಕ್ಕರ್ ಇಟ್ಟರಂತೂ ಮುಗಿಯಿತು, ಎರಡರ ಲೆಕ್ಕವನ್ನೂ ಕೂಡಿಸಿ ಒಂದೇ ಖಾತೆಗೆ ಬರೆಯುತ್ತದೆ. ಕೇಳಿಸಿದ ಸದ್ದು ಎಷ್ಟು ಜೋರು, ಎಷ್ಟು ಹೊತ್ತು ಎಳೆಯಿತು ಅನ್ನುವುದಷ್ಟೇ ಅದಕ್ಕೆ ಬೇಕಾದ್ದು ಅಂತ ಕಾಣುತ್ತದೆ. ಮಾರಿದವರಿಗೆ ಬರೆದೆ. ಡಬ್ಬಿಯನ್ನು ಕುಕ್ಕರ್‌ಗೆ ಹತ್ತಿರ ಇಡಿ ಅಂತ ಉತ್ತರ ಬಂತು. ಹತ್ತಿರ ಇಟ್ಟರೆ ಆವಿ ಹೊಡೆದು ಪರದೆಯ ಒಳಗೆಲ್ಲ ಮಂಜು. ಅದನ್ನು ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಕೆಳಗೆ ಒಣಗಿಸುವುದು ಇನ್ನೊಂದು ಕೆಲಸ.

ಇದಕ್ಕೆ ಉಲ್ಟಾ ತಕರಾರೂ ಇದೆ. ನಮ್ಮದು ಕೂಗಿದರೂ ಎಣಿಸದೇ ಇರುವುದು. ಚಿಕ್ಕ ಎರಡು ಲೀಟರಿನ ಕುಕ್ಕರ್ ಇದೆಯಲ್ಲ, ಅದು ಪುಸ್ ಅಂತ ಚುಟುಕಾಗಿ ಕೂಗಿ ಸುಮ್ಮನಾಗುತ್ತದೆ. ಡಬ್ಬಿಗೆ ಅದು ಲೆಕ್ಕಕ್ಕಿಲ್ಲ. ದೊಡ್ಡ ಕುಕ್ಕರ್‌ನದೂ ಒಂದಷ್ಟು ದಿನ ಹೀಗೇ ಆಯಿತು. ವೆಯ್ಟ್ ಪೂರ್ತಿ ಏಳದೆ, ಸುಸ್ ಅಂತ ಅಲ್ಲೇ ಅಳ್ಳಾಡುತ್ತಿತ್ತು. ನೋಡಿದರೆ ಗ್ಯಾಸ್ಕೆಟ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ಆವಿಯೆಲ್ಲ ಅಂಚಿನಲ್ಲೇ ಸೋರುತ್ತಿತ್ತು. ಹೊಸ ಗ್ಯಾಸ್ಕೆಟ್ ಹಾಕಿದ ಮೇಲೆ ಕೂಗು ಖಡಕ್ಕಾಗಿ ಬಂತು, ಡಬ್ಬಿಯೂ ಸರಿಯಾಗಿ ಎಣಿಸಿತು. ಅಷ್ಟರಮಟ್ಟಿಗೆ ಅದರದ್ದು ತಪ್ಪಿಲ್ಲ.

ಸಿಟ್ಟಿನಲ್ಲಿ ಒಂದು ದಿನ ಡ್ರಾಯರ್ ತಳದಿಂದ ಕುಕ್ಕರಿನ ಹಳೆಯ ಪುಸ್ತಕ ಹುಡುಕಿ ತೆಗೆದೆ. ಯಾರಾದರೂ ಓದುತ್ತಾರಾ ಅದನ್ನು? ಅದರಲ್ಲಿ ಕೂಗಿನ ಲೆಕ್ಕವೇ ಇಲ್ಲ! ಒತ್ತಡ ಪೂರ್ತಿ ಬಂದ ಮೇಲೆ, ಅಂದರೆ ಮೊದಲ ಕೂಗು ಆದ ಮೇಲೆ, ಉರಿ ಸಣ್ಣ ಮಾಡಿ ಇಷ್ಟು ನಿಮಿಷ ಅಂತ ಕೊಟ್ಟಿದ್ದಾರೆ. ಯೋಚಿಸಿದರೆ ಸರಿಯೇ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನ ವೆಯ್ಟ್ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ ಒತ್ತಡವನ್ನು ತಡೆದು ನಿಲ್ಲಿಸುತ್ತದೆ. ಹಾಗಾಗಿ ಒಳಗಿನ ನೀರು 120 ಡಿಗ್ರಿಯ ಹತ್ತಿರಕ್ಕೆ ಹೋಗುತ್ತದೆ, ಬೇಳೆ ಬೇಗ ಬೇಯುತ್ತದೆ. ಅದಕ್ಕಿಂತ ಜಾಸ್ತಿ ಆವಿ ಆದಾಗ ವೆಯ್ಟ್ ಎದ್ದು ಹೊರಗೆ ಬಿಡುತ್ತದೆ, ಅದೇ ಕೂಗು. ಕೂಗಿದ ಮಾತ್ರಕ್ಕೆ ಒಳಗೆ ಬಿಸಿ ಹೆಚ್ಚಾಗುವುದಿಲ್ಲ. ಬೇಯಿಸುವುದು ಎರಡು ಕೂಗಿನ ನಡುವಿನ ಹೊತ್ತು.

ಪರೀಕ್ಷೆ ಮಾಡಿಯೇ ಬಿಟ್ಟೆ. ಒಂದೇ ಡಬ್ಬದ ಬೇಳೆ, ಒಂದೇ ಲೋಟ ಅಳತೆ. ದೊಡ್ಡ ಉರಿಯಲ್ಲಿ ಮೂರು ಕೂಗು ಒಂದರ ಹಿಂದೊಂದು ಬಂದುಬಿಟ್ಟವು, ಬೇಳೆ ಇನ್ನೂ ಇಡಿಯಾಗಿಯೇ ಇತ್ತು. ಮಾರನೆಯ ದಿನ ಮೊದಲ ಕೂಗಿಗೆ ಉರಿ ಸಿಮ್ ಮಾಡಿ ಹತ್ತು ನಿಮಿಷ ಬಿಟ್ಟೆ. ಆ ಹತ್ತು ನಿಮಿಷದಲ್ಲಿ ಇನ್ನೊಂದೇ ಕೂಗು. ಮುಚ್ಚಳ ತೆಗೆದರೆ ಬೇಳೆ ಬೆಣ್ಣೆ. ಕಡಗೋಲು ಆಡಿಸುವುದೂ ಬೇಕಾಗಲಿಲ್ಲ. ಗ್ಯಾಸೂ ಉಳಿಯಿತು.

ಹಾಗಾದರೆ ಡಬ್ಬಿ ದಂಡ, ಅಲ್ವಾ? ಅಟ್ಟಕ್ಕೆ ಸೇರಿಸಬೇಕು ಅಂದುಕೊಂಡಿದ್ದೆ. ಅದನ್ನು ಅಲ್ಲಿಂದ ಉಳಿಸಿದ್ದು ಅಮ್ಮ.

ಅಮ್ಮನಿಗೆ ಎಪ್ಪತ್ತು ದಾಟಿದೆ. ಕಿವಿ ಕೇಳಿಸುತ್ತದೆ, ಆದರೆ ಎಲ್ಲವೂ ಅಲ್ಲ. ವಯಸ್ಸಾದಂತೆ ಮೊದಲು ಹೋಗುವುದು ಕೀರಲು ಸದ್ದುಗಳು ಅಂತ ಕಿವಿ ಡಾಕ್ಟರ್ ವಿವರಿಸಿದ್ದರು. ಲಾರಿ ಹೋದದ್ದು ತಿಳಿಯುತ್ತದೆ, ಬಾಗಿಲು ಬಡಿದದ್ದು ತಿಳಿಯುತ್ತದೆ. ಹಾಲಿನಲ್ಲಿ ಟಿವಿ ಹಾಕಿಕೊಂಡು ಕೂತರೆ ಕುಕ್ಕರ್ ಕೂಗು ಮಾತ್ರ ತಿಳಿಯುವುದಿಲ್ಲ. ನಾನಿಲ್ಲದಾಗ ಅಡುಗೆಮನೆಯಲ್ಲೇ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು. ನೀರು ಆರಿ, ತಳ ಸೀದು, ಸೇಫ್ಟಿ ವಾಲ್ವ್ ಹೋದದ್ದೂ ಇದೆ. ಆಮೇಲೆ ಒಬ್ಬರೇ ಇದ್ದಾಗ ಕುಕ್ಕರ್ ಇಡುವುದನ್ನೇ ಬಿಟ್ಟರು. ಬೆಳಗಿನ ತಿಂಡಿಯದ್ದೇ ಏನಾದರೂ ಉಳಿದಿದ್ದರೆ ತಿನ್ನುವುದು, ಇಲ್ಲದಿದ್ದರೆ ಅವಲಕ್ಕಿ ಮೊಸರು. ನನ್ನ ಹತ್ತಿರ ಈ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಅಡುಗೆಮನೆಗೂ ಹಾಲಿಗೂ ನಡುವೆ ತಟ್ಟೆ ದಾಟಿಸುವ ಒಂದು ಕಿಂಡಿ ಇದೆ. ಅಮ್ಮ ಡಬ್ಬಿಯನ್ನು ಒಲೆ ಪಕ್ಕದಿಂದ ಎತ್ತಿ ಆ ಕಿಂಡಿಯ ಕಟ್ಟೆ ಮೇಲೆ, ಪರದೆ ಹಾಲಿನ ಕಡೆಗೆ ಕಾಣುವಂತೆ ಇಟ್ಟರು. ಸೋಫಾದಲ್ಲಿ ಕೂತೇ ನಂಬರ್ ಓದಬಹುದು. ಬೀಪ್ ಅವರಿಗೆ ಕೇಳಿಸುವುದಿಲ್ಲ, ಅದೂ ಕೀರಲೇ. ತಯಾರಿಸಿದವರು ಇದನ್ನು ಯೋಚಿಸಬೇಕಿತ್ತು, ಸ್ವಲ್ಪ ದಪ್ಪ ದನಿ ಇಟ್ಟಿದ್ದರೆ ಏನು ಹೋಗುತ್ತಿತ್ತು? ಆದರೆ ಕೆಂಪು ದೀಪ ಕಾಣುತ್ತದೆ. ಮಿನುಗಿದ ತಕ್ಷಣ ರಿಮೋಟ್ ಕೆಳಗಿಟ್ಟು ಎದ್ದು ಹೋಗುತ್ತಾರೆ. ಡಕ್ಟಿನಿಂದ ದೂರವಾಗಿದ್ದಕ್ಕೆ ಮೇಲಿನ ಮನೆಯ ಕೂಗು ಲೆಕ್ಕಕ್ಕೆ ಬರುವುದೂ ಬಹಳ ಕಡಿಮೆಯಾಯಿತು. ಪೂರ್ತಿ ಹೋಗಿಲ್ಲ. ಈಗ ಟಿವಿಯಲ್ಲಿ ನ್ಯೂಸ್‌ನವರು ಬ್ರೇಕಿಂಗ್ ಅಂತ ಕಿರುಚಿದರೆ ಒಂದೊಂದು ಸಲ ಒಂದು ಕೂಗು ಸೇರಿಕೊಳ್ಳುತ್ತದೆ. ಅಮ್ಮ ಎದ್ದು ಹೋಗಿ, ಆವಿಯ ವಾಸನೆ ನೋಡಿ, "ಇನ್ನೂ ಬೆಂದಿಲ್ಲ" ಅಂತ ವಾಪಸ್ ಬಂದು ಕೂರುತ್ತಾರೆ. ವಾಸನೆಯಲ್ಲೇ ಬೇಳೆ ಬೆಂದದ್ದು ಗೊತ್ತಾಗುವವರಿಗೆ ಲೆಕ್ಕ ಒಂದು ಹೆಚ್ಚುಕಮ್ಮಿ ಆದರೆ ನಷ್ಟವಿಲ್ಲ. ಅವರಿಗೆ ಬೇಕಾಗಿದ್ದು ಕರೆಯುವವರು ಮಾತ್ರ. ಮಧ್ಯಾಹ್ನ ನಾನು ಆಫೀಸಿಗೆ ಹೋದ ದಿನಗಳಲ್ಲಿ ಈಗ ಬಿಸಿ ಅನ್ನ, ಸಾರು ಮಾಡಿಕೊಳ್ಳುತ್ತಾರೆ. ಸ್ಟೂಲ್ ಬಾಲ್ಕನಿಗೆ ಹೋಗಿದೆ.

ಈಗ ಮನೆಯಲ್ಲಿ ಡಬ್ಬಿಗೆ ಎರಡು ರೀತಿಯ ಬಳಕೆ. ಅಮ್ಮ ಮೂರಕ್ಕೆ ಇಡುತ್ತಾರೆ. ನಾನು ಒಂದಕ್ಕೆ ಇಡುತ್ತೇನೆ. ಮೊದಲ ಕೂಗಿಗೆ ಬೀಪ್ ಆದರೆ ಹೋಗಿ ಉರಿ ಸಣ್ಣ ಮಾಡಿ, ಮೊಬೈಲಿನಲ್ಲಿ ಹತ್ತು ನಿಮಿಷ ಟೈಮರ್ ಹಾಕುತ್ತೇನೆ. ಈ ಟೈಮರ್ ಡಬ್ಬಿಯಲ್ಲೇ ಇರಬೇಕಿತ್ತು. ಒಂದು ಕೂಗು, ಆಮೇಲೆ ಇಷ್ಟು ನಿಮಿಷ ಅಂತ ಹೇಳುವಂತಿದ್ದರೆ ಇನ್ನೂ ಇನ್ನೂರು ರೂಪಾಯಿ ಜಾಸ್ತಿ ಕೊಡುತ್ತಿದ್ದೆ. ಹೆಡ್‌ಫೋನ್ ಹಾಕಿಕೊಂಡಾಗ ನನಗೂ ಬೀಪ್ ಕೇಳಿಸುವುದಿಲ್ಲ ಅನ್ನುವುದು ಬೇರೆ ಮಾತು. ಕಿಂಡಿ ಕಾಣುವ ಕಡೆಗೆ ಕುರ್ಚಿ ತಿರುಗಿಸಿಕೊಂಡಿದ್ದೇನೆ.

ದುಡ್ಡಿನ ಮಾತಿಗೆ ಬಂದರೆ, ಬಟನ್ ಒತ್ತಿದರೆ ತಾನೇ ಬೇಯಿಸಿ ತಾನೇ ಆರುವ ಕರೆಂಟ್ ಕುಕ್ಕರ್‌ಗಳಿವೆ. ಅದಕ್ಕೆ ಹಲವು ಸಾವಿರ ಬೇಕು, ಕಟ್ಟೆಯಲ್ಲಿ ಜಾಗ ಬೇಕು, ಕರೆಂಟೂ ಇರಬೇಕು. ಕೂಗು ಎಣಿಸುವ ಮೊಬೈಲ್ ಆ್ಯಪ್‌ಗಳೂ ಇವೆ, ಪುಕ್ಕಟೆ. ಆದರೆ ಮೊಬೈಲನ್ನು ಅಡುಗೆಮನೆಯಲ್ಲಿ ಬಿಟ್ಟು ಬರುವವರು ಯಾರು? ಇನ್ನೊಂದು ಮಾತು: ಕುಕ್ಕರ್‌ಗೆ 2021ರ ಫೆಬ್ರವರಿಯಿಂದ ಐಎಸ್ಐ ಗುರುತು ಕಡ್ಡಾಯ, ಐಎಸ್ 2347 ಅಂತ ಮೈಮೇಲೆ ಒತ್ತಿರುತ್ತಾರೆ. ನನ್ನ ಡಬ್ಬಿಯ ಮೇಲೆ ಅಂಥದ್ದೇನೂ ಇಲ್ಲ. ಅದನ್ನು ನಂಬಿ ಒಲೆ ಹಚ್ಚಿಟ್ಟು ಅಂಗಡಿಗೆ ಹೋಗಿ ಬರುವುದು ಬೇಡ.

ಅಡುಗೆಮನೆ ಡಕ್ಟಿಗೆ ತಾಗಿದ್ದು, ಡಬ್ಬಿ ಇಡಲು ಒಲೆ ಪಕ್ಕ ಬಿಟ್ಟರೆ ಬೇರೆ ಜಾಗವಿಲ್ಲ ಅನ್ನುವವರು ತರಬೇಡಿ. ಒಂಟಿ ಮನೆಯವರು ತರಬಹುದು. ಮನೆಯಲ್ಲಿ ಕಿವಿ ಮಂದವಾದವರು ಅಡುಗೆ ಮಾಡುತ್ತಿದ್ದರೆ ಯೋಚನೆ ಮಾಡದೆ ತನ್ನಿ, ಆದರೆ ದೀಪ ದೊಡ್ಡದಿರುವುದನ್ನು ನೋಡಿ ಆರಿಸಿ. ಐದಕ್ಕೆ ನಾನು ಮೂರು ಸ್ಟಾರ್ ಕೊಡುತ್ತಿದ್ದೆ. ಅಮ್ಮನನ್ನು ಕೇಳಿದ್ದಕ್ಕೆ "ನಾಲ್ಕು ಹಾಕು, ಪಾಪ" ಅಂದರು. ನಾಲ್ಕು ಹಾಕಿದ್ದೇನೆ. ಬಿಳಿ ಬಣ್ಣದ್ದು ಮಾತ್ರ ತಗೋಬೇಡಿ, ಅರಿಶಿನದ ಕೈ ತಾಗಿದ ಬಟನ್‌ಗಳು ತಿಂಗಳೊಳಗೆ ಹಳದಿಯಾಗುತ್ತವೆ, ಏನು ಹಾಕಿ ಉಜ್ಜಿದರೂ ಹೋಗುವುದಿಲ್ಲ.