ಕೂದಲು ತೋರಿಸೋಕೆ ಹೋದೆ, ಸಾಲ ಮಾಡಿಸಿ ಕಳಿಸಿದರು. ಓಟಿಪಿ ಹೇಳುವ ಮುಂಚೆ ಇದನ್ನು ಓದಿ

ಇದನ್ನು ಬರೆಯೋಕೆ ನನಗೆ ನಾಲ್ಕು ತಿಂಗಳು ಬೇಕಾಯಿತು. ಕೂದಲು ಉದುರುತ್ತಿದೆ ಅಂತ ಹೇಳಿಕೊಳ್ಳೋಕೇ ನಾಚಿಕೆ. ಅದರಲ್ಲಿ ಮೋಸ ಹೋದೆ ಅಂತ ಹೇಳಿಕೊಳ್ಳೋದು ಇನ್ನೂ ನಾಚಿಕೆ. ಆದರೆ ಮೊನ್ನೆ ಆಫೀಸಿಗೆ ಹೊಸದಾಗಿ ಸೇರಿದ ಹುಡುಗ ಊಟದ ಹೊತ್ತಲ್ಲಿ ಮೊಬೈಲ್ ಮುಂದೆ ಹಿಡಿದು, "ಅಣ್ಣ, ಇಲ್ಲಿ ಫ್ರೀ ಸ್ಕ್ಯಾಲ್ಪ್ ಟೆಸ್ಟ್ ಅಂತೆ, ಹೋಗ್ಲಾ?" ಅಂದ. ನೋಡಿದರೆ ಅದೇ ಕ್ಲಿನಿಕ್. ಅದೇ ಜಾಹೀರಾತು. ಕೈ ನಡುಗಿತು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕುತ್ತಿಲ್ಲ, ದೂರು ಇನ್ನೂ ನಡೆಯುತ್ತಿದೆ.

ನನಗೆ 26. ಊರು ದಾವಣಗೆರೆ ಕಡೆ, ಕೆಲಸ ಬೆಂಗಳೂರಲ್ಲಿ, ಸಂಬಳ 28 ಸಾವಿರ. 23ಕ್ಕೇ ಹಣೆಯ ಎರಡೂ ಮೂಲೆಯಲ್ಲಿ ಕೂದಲು ಹಿಂದೆ ಸರಿದಿತ್ತು. ಬೋರ್‌ವೆಲ್ ನೀರು ಅಂದರು, ಹೆಲ್ಮೆಟ್ ಅಂದರು, ರಾತ್ರಿ ಮೊಬೈಲ್ ನೋಡ್ತೀಯ ಅಂದರು. ಅಮ್ಮ ಗರುಗದ ಸೊಪ್ಪು, ದಾಸವಾಳದ ಎಲೆ ಹಾಕಿ ಎಣ್ಣೆ ಕಾಯಿಸಿ ಬಸ್ಸಲ್ಲಿ ಕಳಿಸುತ್ತಿದ್ದರು. ಅಪ್ಪನಿಗೆ ಮೂವತ್ತೈದಕ್ಕೆ ನೆತ್ತಿ ಖಾಲಿ ಆಗಿತ್ತು, ಸೋದರಮಾವನಿಗೂ ಅಷ್ಟೇ. ಆದರೂ ನನಗೆ ಆಗಲ್ಲ ಅಂದುಕೊಂಡಿದ್ದೆ.

ಜನವರಿಯಲ್ಲಿ ಚಿಕ್ಕಪ್ಪನ ಮಗನ ಮದುವೆ. ಊಟದ ಪಂಕ್ತಿಯಲ್ಲಿ ಕೂತಿದ್ದಾಗ ಯಾರೋ ಬಾಲ್ಕನಿಯಿಂದ ಫೋಟೊ ತೆಗೆದು ಮನೆಯವರ ಗ್ರೂಪಿಗೆ ಹಾಕಿದರು. ಸುಳಿಯ ಸುತ್ತ ಚರ್ಮ ಬೆಳ್ಳಗೆ ಕಾಣುತ್ತಿತ್ತು. ಅದು ನಾನು ಅಂತ ಗೊತ್ತಾಗೋಕೆ ಎರಡು ನಿಮಿಷ ಬೇಕಾಯಿತು, ಅಂಗಿ ನೋಡಿ ಗುರುತು ಹಿಡಿದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮೊಬೈಲಲ್ಲಿ ಹುಡುಕಿದೆ. ಮಾರನೇ ದಿನದಿಂದ ಎಲ್ಲಿ ನೋಡಿದರೂ ಹೇರ್ ಕ್ಲಿನಿಕ್ ಜಾಹೀರಾತು. ಫ್ರೀ ಟೆಸ್ಟ್ ಅಲ್ವಾ, ಹೋಗಿ ಬರೋಣ ಅಂತ ಫೆಬ್ರವರಿಯ ಒಂದು ಶನಿವಾರ ಹೋದೆ.

ಒಳಗೆ ಡಾಕ್ಟರ್ ಇರಲಿಲ್ಲ. ಕೌನ್ಸೆಲರ್ ಅಂತ ಒಬ್ಬರು ಇದ್ದರು. ತಲೆ ಮೇಲೆ ಒಂದು ಸಣ್ಣ ಕ್ಯಾಮೆರಾ ಇಟ್ಟು ಟಿವಿಯಲ್ಲಿ ತೋರಿಸಿದರು. ನೂರು ಪಟ್ಟು ದೊಡ್ಡದು ಮಾಡಿ ತೋರಿಸಿದರೆ ಯಾರ ತಲೆಯಾದರೂ ಹೆದರಿಕೆ ಹುಟ್ಟಿಸುತ್ತೆ. ಅದು ಈಗ ಗೊತ್ತು. ಅವತ್ತು ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು.

"ನೋಡಿ ಸರ್, ರೂಟ್ಸ್ ಕ್ಲೋಸ್ ಆಗ್ತಿವೆ. ಇನ್ನು ಆರು ತಿಂಗಳು ಬಿಟ್ರೆ ಟ್ರಾನ್ಸ್‌ಪ್ಲಾಂಟ್ ಒಂದೇ ದಾರಿ. ಮದುವೆ ಆಗಿದ್ಯಾ ಸರ್?"

ಇಲ್ಲ ಅಂದೆ.

"ಹಾಗಿದ್ರೆ ಈಗ್ಲೇ ಮಾಡ್ಸಿ ಸರ್. ಹುಡುಗಿ ಕಡೆಯವ್ರು ಮೊದ್ಲು ನೋಡೋದೇ ಫೋಟೊ."

ಈ ಮಾತು ನನಗೆ ಇವತ್ತಿಗೂ ಉರಿಯುತ್ತೆ. ನನ್ನ ಮನಸ್ಸಲ್ಲಿದ್ದ ಹೆದರಿಕೆಯನ್ನೇ ತೆಗೆದು ನನ್ನ ಮುಂದೆ ಇಟ್ಟರು. ಡಾಕ್ಟ್ರು ನೋಡಲ್ವಾ ಅಂತ ಕೇಳಿದ್ದಕ್ಕೆ, "ಡಾಕ್ಟ್ರು ರಿಪೋರ್ಟ್ ಆನ್‌ಲೈನಲ್ಲಿ ನೋಡ್ತಾರೆ ಸರ್" ಅಂದರು.

ಪ್ಯಾಕೇಜ್ 72 ಸಾವಿರ. ಎಂಟು ಪಿಆರ್‌ಪಿ (ತಲೆಗೆ ಚುಚ್ಚುವ ಒಂದು ಟ್ರೀಟ್‌ಮೆಂಟ್) ಸಿಟ್ಟಿಂಗ್, ಆರು ತಿಂಗಳ ಕಿಟ್. ಇವತ್ತೇ ಸೇರಿದರೆ 54 ಸಾವಿರ. ಅಷ್ಟು ದುಡ್ಡು ಇಲ್ಲ ಅಂದೆ. "ಕಂತಲ್ಲಿ ಕಟ್ಟಿ ಸರ್, ತಿಂಗಳಿಗೆ 4,500, ಬಡ್ಡಿ ಇಲ್ಲ" ಅಂದರು. ನಾನು ಕ್ಲಿನಿಕ್‌ಗೇ ತಿಂಗಳು ತಿಂಗಳು ಕಟ್ಟೋದು, ಇಷ್ಟ ಇಲ್ಲದಿದ್ದರೆ ನಿಲ್ಲಿಸೋದು ಅಂದುಕೊಂಡೆ. ಯಾರಾದರೂ ಹಾಗೇ ತಾನೇ ಅಂದುಕೊಳ್ಳೋದು? ಆಧಾರ್, ಪ್ಯಾನ್ ಕೇಳಿದರು. ರಿಜಿಸ್ಟ್ರೇಷನ್‌ಗೆ ಅಂದರು. ಟ್ಯಾಬ್ ಹಿಡಿದು ಸೆಲ್ಫಿ ತೆಗೆದರು. ಅದೂ ರಿಜಿಸ್ಟ್ರೇಷನ್‌ಗೆ. ಆಮೇಲೆ, "ಸರ್, ಒಂದು ಓಟಿಪಿ ಬಂದಿರತ್ತೆ, ಹೇಳಿ." ಹೇಳಿದೆ. "ಇನ್ನೊಂದು ಬಂತಾ ಸರ್?" ಅದನ್ನೂ ಹೇಳಿದೆ. ಮೂರು ಓಟಿಪಿ. ಮೂರೂ ನಾನೇ ಬಾಯಿಬಿಟ್ಟು ಓದಿ ಹೇಳಿದೆ. ಒಳಗೆ ಹೋಗಿ ಬರೋಕೆ ಒಟ್ಟು ನಲವತ್ತು ನಿಮಿಷ.

ಮಾರ್ಚ್ 5ಕ್ಕೆ ಬ್ಯಾಂಕಿಂದ 4,500 ಕಟ್ ಆಯಿತು. ಕಟ್ ಮಾಡಿದ್ದು ಯಾವುದೋ ಫೈನಾನ್ಸ್ ಕಂಪನಿ. ಹಳೇ ಮೆಸೇಜ್ ಹುಡುಕಿದರೆ, ಫೆಬ್ರವರಿಯ ಆ ಶನಿವಾರವೇ ಬಂದಿದೆ: ನಿಮ್ಮ 54,000 ರೂಪಾಯಿ ಪರ್ಸನಲ್ ಲೋನ್ ಮಂಜೂರಾಗಿದೆ. ಪರ್ಸನಲ್ ಲೋನ್! ನನ್ನ ಹೆಸರಲ್ಲಿ! ಫೈನಾನ್ಸ್‌ನವರಿಗೆ ಫೋನ್ ಮಾಡಿದರೆ, ಪೂರ್ತಿ ದುಡ್ಡು ಅವತ್ತೇ ಕ್ಲಿನಿಕ್ ಖಾತೆಗೆ ಹೋಗಿದೆ ಅಂದರು. ಅಂದರೆ ನಾನು ಹೋದರೂ ಅವರಿಗೆ ದುಡ್ಡು, ಬಿಟ್ಟರೂ ಅವರಿಗೆ ದುಡ್ಡು. ನನ್ನ ಕೂದಲು ಬೆಳೆದರೇನು, ಬಿಟ್ಟರೇನು?

ಕ್ಲಿನಿಕ್ ಮ್ಯಾನೇಜರ್‌ಗೆ ಫೋನ್ ಮಾಡಿದೆ. ಸಾಲ ಅಂತ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಅವರು ಹೇಳಿದ್ದು ಒಂದೇ ಮಾತು.

"ಸರ್, ನೀವೇ ತಾನೇ ಓಟಿಪಿ ಹೇಳಿದ್ದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಫೋನ್ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ.

ಇಂಥ ಡಿಜಿಟಲ್ ಸಾಲಕ್ಕೆ ಕೂಲಿಂಗ್ ಆಫ್ ಅವಧಿ ಇರಲೇಬೇಕು ಅಂತ ಆರ್‌ಬಿಐ 2022ರಲ್ಲೇ ನಿಯಮ ಮಾಡಿದೆ. ಆ ಅವಧಿಯೊಳಗೆ ಅಸಲು, ಜೊತೆಗೆ ಅಷ್ಟು ದಿನದ ಬಡ್ಡಿ-ಖರ್ಚು ಇದ್ದರೆ ಅದನ್ನೂ ವಾಪಸ್ ಕಟ್ಟಿದರೆ, ದಂಡ ಇಲ್ಲದೆ ಹೊರಗೆ ಬರಬಹುದು. ನನಗೆ ತಿಳಿಯೋ ಹೊತ್ತಿಗೆ ಆ ದಿನ ಕಳೆದಿತ್ತು. ಅದಕ್ಕೇ ಹೇಳುವುದು, ಅವತ್ತೇ ರಾತ್ರಿ ಎಲ್ಲ ಮೆಸೇಜ್ ಓದಿ. ಅವತ್ತೇ.

ದುಡ್ಡು ಹೋಗಿದೆ, ಟ್ರೀಟ್‌ಮೆಂಟಾದರೂ ತಗೋಳೋಣ ಅಂತ ಮತ್ತೆ ಹೋದೆ. ಇದು ನಾನು ಮಾಡಿದ ಎರಡನೇ ತಪ್ಪು. ಪಿಆರ್‌ಪಿ ಅಂದರೆ ನಮ್ಮದೇ ರಕ್ತ ತೆಗೆದು, ಮೆಷಿನ್‌ನಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಜಾಸ್ತಿ ಇರುವ ಭಾಗವನ್ನು ತಲೆಗೆ ಚುಚ್ಚುವುದು. ಪಿಆರ್‌ಪಿಯೇ ಮೋಸ ಅಂತ ನಾನು ಹೇಳುತ್ತಿಲ್ಲ, ಕೆಲವರಿಗೆ ಉಪಯೋಗ ಆಗುತ್ತೆ. ಆದರೆ ಮೂರು ಸಿಟ್ಟಿಂಗ್‌ನಲ್ಲೂ ಚುಚ್ಚಿದ್ದು ಡಾಕ್ಟರ್ ಅಲ್ಲ. ಕೇಳಿದರೆ "ಸೀನಿಯರ್ ಟೆಕ್ನಿಷಿಯನ್ ಸರ್, ಡಾಕ್ಟ್ರಿಗಿಂತ ಚೆನ್ನಾಗಿ ಮಾಡ್ತಾರೆ" ಅನ್ನುವ ಉತ್ತರ. ಅದಕ್ಕೂ ತಲೆ ಆಡಿಸಿದೆ.

ಕಿಟ್‌ನಲ್ಲಿ ಒಂದು ಸೀರಮ್, ಶಾಂಪೂ, ಮಾತ್ರೆ. ಏಪ್ರಿಲ್ ಹೊತ್ತಿಗೆ ಕೂದಲು ಇನ್ನೂ ಜಾಸ್ತಿ ಉದುರೋಕೆ ಶುರುವಾಯಿತು. ಬಚ್ಚಲ ಜಾಲರಿ ತುಂಬ ಕೂದಲು. ಹೆದರಿ ವಾಟ್ಸಾಪ್ ಮಾಡಿದೆ. ಬಂದ ಉತ್ತರ: "ಟಾಕ್ಸಿನ್ ಹೊರಗೆ ಹೋಗ್ತಿದೆ ಸರ್, ಗುಡ್ ಸೈನ್. ಜಿಎಫ್‌ಸಿಗೆ ಅಪ್‌ಗ್ರೇಡ್ ಆಗಿ, 18 ಸಾವಿರ ಅಷ್ಟೇ." ಜಿಎಫ್‌ಸಿ ಅಂದರೆ ಪಿಆರ್‌ಪಿ ಥರದ್ದೇ, ನಮ್ಮ ರಕ್ತದಿಂದಲೇ ಮಾಡುವ ಇನ್ನೊಂದು ಚುಚ್ಚುಮದ್ದು. ನಾನು ಸೀರಮ್ ನಿಲ್ಲಿಸಿಬಿಟ್ಟೆ. ಮಾತ್ರೆ ಮಾತ್ರ ನುಂಗುತ್ತಿದ್ದೆ. ಹೇರ್ ವಿಟಮಿನ್ ಅಂದಿದ್ದರಲ್ಲ.

ಈಗ ಬರೆಯೋದು ನನಗೆ ಎಲ್ಲಕ್ಕಿಂತ ಕಷ್ಟದ ಭಾಗ.

ಜೂನ್ 14 ರಕ್ತದಾನಿಗಳ ದಿನ. ನಮ್ಮ ಆಫೀಸಲ್ಲಿ ಕ್ಯಾಂಪ್ ಇತ್ತು. ನಾನು ಪ್ರತಿ ವರ್ಷ ಕೊಡುತ್ತೇನೆ. ಫಾರ್ಮ್‌ನಲ್ಲಿ ಒಂದು ಪ್ರಶ್ನೆ: ಈಗ ಯಾವುದಾದರೂ ಔಷಧ ತೆಗೆದುಕೊಳ್ಳುತ್ತಿದ್ದೀರಾ? ಹೇರ್ ವಿಟಮಿನ್ ಅಂತ ಬರೆದೆ. ಅಲ್ಲಿದ್ದ ಡಾಕ್ಟರ್ ಓದಿ, "ಹೆಸರೇನಪ್ಪ ಮಾತ್ರೆದು?" ಅಂದರು. ಗೊತ್ತಿಲ್ಲ ಸರ್ ಅಂದೆ. ಬ್ಯಾಗಲ್ಲಿದ್ದ ಸ್ಟ್ರಿಪ್ ತೆಗೆದು ತೋರಿಸಿದೆ. ಆಗ ಮೊದಲ ಸಲ ಅದನ್ನು ಸರಿಯಾಗಿ ನೋಡಿದ್ದು. ಸ್ಟ್ರಿಪ್ ಪೂರ್ತಿ ಇರಲಿಲ್ಲ. ಹೆಸರು ಇರುವ ತುದಿ ಕತ್ತರಿಸಿದ್ದರು. ಕತ್ತರಿ ಸ್ವಲ್ಪ ಓರೆ ಹೋಗಿ ಕೊನೆಯ ಕೆಲವು ಅಕ್ಷರ ಉಳಿದಿದ್ದವು. "...ಸ್ಟರೈಡ್."

ಡಾಕ್ಟರ್ ನನ್ನ ತಲೆ ನೋಡಿದರು, ಸ್ಟ್ರಿಪ್ ನೋಡಿದರು. "ಇದು ಫಿನಾಸ್ಟರೈಡ್ ಇದ್ದ ಹಾಗಿದೆ. ಇದನ್ನ ತಗೋತಿದ್ರೆ ನಿಮ್ಮ ರಕ್ತ ತಗೋಳೋಕಾಗಲ್ಲ. ನಿಲ್ಲಿಸಿ ಒಂದು ತಿಂಗಳಾಗಬೇಕು. ಇದನ್ನ ಕೊಟ್ಟವರು ಹೇಳ್ಲಿಲ್ವಾ?" ಹಿಂದೆ ಸಾಲಲ್ಲಿ ನಮ್ಮ ಟೀಮಿನವರೆಲ್ಲ ನಿಂತಿದ್ದರು. ಎದ್ದು ಹೊರಗೆ ಬಂದೆ. ಇಷ್ಟು ತಿಂಗಳು ನನ್ನ ಹೊಟ್ಟೆಗೆ ಏನು ಹೋಗುತ್ತಿತ್ತು ಅಂತ ನನಗೇ ಗೊತ್ತಿರಲಿಲ್ಲ.

ಅಲ್ಲಿಂದಲೇ ಕ್ಲಿನಿಕ್‌ಗೆ ಮೆಸೇಜ್ ಹಾಕಿದೆ. ಮಾತ್ರೆ ಹೆಸರು ಹೇಳಿ ಅಂತ. "ಹೇರ್ ವಿಟಮಿನ್ ಸರ್." ಸ್ಟ್ರಿಪ್ ಫೋಟೊ ಕಳಿಸಿದೆ. "ಪ್ರೋಟೋಕಾಲ್ ಸರ್, ಎಲ್ಲ ಪೇಷೆಂಟ್‌ಗೂ ಕೊಡ್ತೀವಿ." ಯಾವ ಡಾಕ್ಟರ್ ಬರೆದುಕೊಟ್ಟಿದ್ದು, ಚೀಟಿ ಕೊಡಿ ಅಂದೆ. ಎರಡು ನೀಲಿ ಟಿಕ್. ಉತ್ತರ ಇಲ್ಲ.

ಆಮೇಲೆ ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋದೆ. ಬೆಳಗ್ಗೆ ಎರಡು ಗಂಟೆ ಸಾಲಲ್ಲಿ ನಿಂತೆ. ಅಲ್ಲಿನ ಮೇಡಂ ಅಪ್ಪ, ಸೋದರಮಾವನ ಬಗ್ಗೆ ಕೇಳಿದರು. ಇತ್ತೀಚೆಗೆ ಡೆಂಗಿ, ಟೈಫಾಯ್ಡ್ ಬಂದಿತ್ತಾ ಅಂತ ಕೇಳಿದರು, ಜೋರು ಜ್ವರ ಬಂದ ಎರಡು ಮೂರು ತಿಂಗಳಿಗೆ ಕೂದಲು ಉದುರುತ್ತಂತೆ, ಅದು ತಾನೇ ಸರಿಹೋಗುತ್ತಂತೆ. ನನ್ನದು ಅದಲ್ಲ, ವಂಶದಿಂದ ಬಂದದ್ದು. ಡಿಎಚ್‌ಟಿ ಅನ್ನುವ ಹಾರ್ಮೋನಿಗೆ ಕೂದಲ ಬುಡ ಸಣ್ಣ ಆಗುತ್ತಾ ಹೋಗುವುದು. ನೀರಿಗೂ ಹೆಲ್ಮೆಟ್ಟಿಗೂ ಸಂಬಂಧ ಇಲ್ಲ.

ಸೀರಮ್ ಬಾಟಲಿ ಹಿಂದಿನ ಸಣ್ಣ ಅಕ್ಷರ ಅವರೇ ಓದಿ ಹೇಳಿದರು: ಮಿನಾಕ್ಸಿಡಿಲ್ 5%. ಕ್ಲಿನಿಕ್ ಬಿಲ್ಲಲ್ಲಿ ಒಂದು ಬಾಟಲಿಗೆ 2,400. ಮೆಡಿಕಲ್ ಶಾಪಲ್ಲಿ ಅದೇ ಔಷಧ ಸಾವಿರದ ಒಳಗೆ ಸಿಗುತ್ತೆ. ಅದು ಶುರು ಮಾಡಿದ ಮೊದಲ ವಾರಗಳಲ್ಲಿ ಉದುರುವುದು ಜಾಸ್ತಿ ಆಗೋದು ಮಾಮೂಲು. ಟಾಕ್ಸಿನ್ನೂ ಇಲ್ಲ, ಏನೂ ಇಲ್ಲ. ಹಳೇ ಕೂದಲು ಹೊಸದಕ್ಕೆ ಜಾಗ ಬಿಡುವುದು. ಫಲ ಕಾಣೋಕೆ ನಾಲ್ಕರಿಂದ ಆರು ತಿಂಗಳು ಬೇಕು, ಬಿಟ್ಟರೆ ಬಂದದ್ದೂ ಹೋಗುತ್ತೆ. ಇಷ್ಟು ಹೇಳೋಕೆ ಮೇಡಂಗೆ ಎರಡು ನಿಮಿಷ ಸಾಕಾಯಿತು. 54 ಸಾವಿರ ತಗೊಂಡವರು ಈ ಎರಡು ನಿಮಿಷ ಕೊಡಲಿಲ್ಲ.

ಫಿನಾಸ್ಟರೈಡ್ ಕೆಟ್ಟ ಔಷಧ ಅಲ್ಲ, ಬೋಳುತನಕ್ಕೆ ಅಮೆರಿಕದಲ್ಲಿ 1997ರಲ್ಲೇ ಒಪ್ಪಿಗೆ ಸಿಕ್ಕಿದ್ದು. ಆದರೆ ಡಾಕ್ಟರ್ ಚೀಟಿ ಬೇಕು. ಕೆಲವರಿಗೆ ಲೈಂಗಿಕ ಆಸಕ್ತಿ ಕಮ್ಮಿ ಆಗುತ್ತೆ, ಕೆಲವರಿಗೆ ಮನಸ್ಸು ಕುಗ್ಗುತ್ತೆ. ಅದನ್ನು ಮೊದಲೇ ಹೇಳಿ, ಒಪ್ಪಿದರೆ ಕೊಡಬೇಕು. ಪುಡಿಯಾದ ಮಾತ್ರೆಯನ್ನು ಗರ್ಭಿಣಿಯರು ಮುಟ್ಟಬಾರದು ಅಂತ ಮೇಡಂ ಹೇಳಿದಾಗ ನನಗೆ ಮೈ ತಣ್ಣಗಾಯಿತು. ಯುಗಾದಿಗೆ ಊರಿಗೆ ಹೋಗಿದ್ದಾಗ ಅಕ್ಕ ಏಳು ತಿಂಗಳ ಬಸುರಿ. ನನ್ನ ಮಾತ್ರೆ ಅವಳ ಕಬ್ಬಿಣದ ಮಾತ್ರೆ ಪಕ್ಕದಲ್ಲೇ, ಒಂದೇ ಗೂಡಲ್ಲಿ ಇತ್ತು. ಮಗು ಚೆನ್ನಾಗಿದೆ. ಆದರೆ ಇದನ್ನು ನಾನು ಅವರಿಗೆ ಕ್ಷಮಿಸಲ್ಲ.

ರಿಫಂಡ್ ಕೇಳಿದೆ, ಹನ್ನೊಂದು ಸಲ. "ನಾನ್ ರಿಫಂಡಬಲ್ ಸರ್." "ಹೆಡ್ ಆಫೀಸ್‌ಗೆ ಹಾಕಿದೀವಿ ಸರ್." ಕೊನೆಗೆ ಬಂದದ್ದು: "ಉಳಿದ ಸಿಟ್ಟಿಂಗ್ ಬದಲು ನಿಮ್ಮ ಸಿಸ್ಟರ್‌ಗೆ ಫೇಶಿಯಲ್ ಮಾಡ್ಕೊಡ್ತೀವಿ ಸರ್." ಹೇಗಿದೆ ನೋಡಿ! ನೇರ ಹೋಗಿ ಜಗಳ ಮಾಡಿದಾಗಲೂ ಅದೇ ಮಾತು. ನೀವೇ ತಾನೇ ಓಟಿಪಿ ಹೇಳಿದ್ದು?

ಕಂತು ಕಟ್ಟುತ್ತಲೇ ಇದ್ದೇನೆ, ಬಿಟ್ಟರೆ ಸಿಬಿಲ್ (ಸಾಲ ಕೊಡುವವರು ನೋಡುವ ಸ್ಕೋರ್) ಹಾಳಾಗುತ್ತೆ. ಎಂಟು ಮುಗಿದಿದೆ, ನಾಲ್ಕು ಬಾಕಿ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹಾಕೋಕೆ ಕಾಗದ ಜೋಡಿಸುತ್ತಿದ್ದೇನೆ. ಐದು ಲಕ್ಷದವರೆಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು.

ಹುಡುಗರೇ, ಮೊದಲು ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಕೌನ್ಸೆಲರ್ ಹತ್ತಿರ ಅಲ್ಲ. ನಿಮ್ಮ ವಯಸ್ಸು ಕಮ್ಮಿ ಇದ್ದರೆ ಟ್ರಾನ್ಸ್‌ಪ್ಲಾಂಟಿಗೆ ಅವಸರ ಪಡಬೇಡಿ. ಹಿಂದಲೆಯಲ್ಲಿ ಇರೋದೇ ಲೆಕ್ಕದ ಕೂದಲು. ಈಗ ಮುಂದೆ ನೆಟ್ಟು, ನಾಳೆ ಅದರ ಹಿಂದಿನದು ಉದುರಿದರೆ ನೆಟ್ಟದ್ದು ಒಂಟಿಯಾಗಿ ನಿಲ್ಲುತ್ತೆ ಅಂದರು ಮೇಡಂ. ಅದನ್ನು ತರಬೇತಿ ಇರುವ ಡಾಕ್ಟರೇ ಮಾಡಬೇಕು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಇನ್ನು "ಗ್ಯಾರಂಟಿ ಕೂದಲು" ಅಂತ ಔಷಧ ಮಾರುವವರ ಬಗ್ಗೆ: ವಾಸಿ ಮಾಡುತ್ತೇವೆ ಅಂತ ಯಾವ ಔಷಧವೂ ಹೇಳಿಕೊಳ್ಳಬಾರದ ಕಾಯಿಲೆಗಳ ಪಟ್ಟಿ ನಮ್ಮ ಔಷಧ ನಿಯಮಗಳಲ್ಲೇ ಇದೆ, ಷೆಡ್ಯೂಲ್ ಜೆ ಅಂತ. ಬೋಳುತನ ಅದರಲ್ಲಿದೆ. ಆದರೂ ಎಷ್ಟು ಧೈರ್ಯವಾಗಿ ಬೋರ್ಡ್ ಹಾಕುತ್ತಾರೆ!

ಜುಲೈಯಿಂದ ಮೇಡಂ ಹೇಳಿದ ಹಾಗೆ ಮಿನಾಕ್ಸಿಡಿಲ್ ಮತ್ತೆ ಹಚ್ಚುತ್ತಿದ್ದೇನೆ. ಮಾತ್ರೆ ಬೇಕಾ ಬೇಡವಾ ಅಂತ ಇನ್ನೂ ಯೋಚನೆ ಮಾಡುತ್ತಿದ್ದೇನೆ. ಈ ಸಲ ನಿರ್ಧಾರ ನನ್ನದು.

ನಿಮಗೂ ಯಾರಾದರೂ ತುದಿ ಕತ್ತರಿಸಿದ ಸ್ಟ್ರಿಪ್ ಕೊಟ್ಟಿದ್ದರೆ ಬಿಸಾಡಬೇಡಿ. ಎರಡೂ ಕಡೆ ಫೋಟೊ ತೆಗೆದು, ಬಿಲ್ ಜೊತೆ ಇಟ್ಟುಕೊಳ್ಳಿ. ವಾಟ್ಸಾಪ್ ಮಾತುಕತೆ ಅಳಿಸಬೇಡಿ. ನನಗಾಗಿದ್ದೇ ನಿಮಗೂ ಆಗಿದ್ದರೆ ಹೇಳಿ, ನಾಚಿಕೆ ಪಡಬೇಡಿ. ದೂರು ಒಟ್ಟಿಗೆ ಹಾಕೋಣ.