ರೆಫರೆನ್ಸ್ ಡೆಸ್ಕ್ ಸೇವೆಯ ವಿಮರ್ಶೆ: ಮೊದಲ ಎರಡು ನಿಮಿಷಕ್ಕೇ ಹೆಚ್ಚು ಅಂಕ

ಗ್ರಂಥಾಲಯದ ಕಟ್ಟಡ, ಪುಸ್ತಕ, ಕುರ್ಚಿ, ವೈಫೈ ಬಗ್ಗೆ ಜನ ಧಾರಾಳವಾಗಿ ಬರೆಯುತ್ತಾರೆ. ಓದುಗರಿಗೆ ಬೇಕಾದ ಮಾಹಿತಿ ಹುಡುಕಿಕೊಡುವ ರೆಫರೆನ್ಸ್ ಡೆಸ್ಕಿನಲ್ಲಿ ಕೂತವರು ಪ್ರಶ್ನೆಯನ್ನು ಹೇಗೆ ಕೇಳಿಸಿಕೊಂಡರು ಅನ್ನುವುದು ಮಾತ್ರ ವಿಮರ್ಶೆಗೆ ಬರುವುದೇ ಅಪರೂಪ. ಸೇವೆ ಗೆಲ್ಲುವುದೂ ಸೋಲುವುದೂ ಅಲ್ಲೇ, ಹುಡುಕಾಟ ಶುರುವಾಗುವುದಕ್ಕೆ ಮೊದಲೇ.

ಕಾರಣ ಇಷ್ಟೇ: ಓದುಗರು ತಮಗೆ ಬೇಕಾದದ್ದನ್ನು ನೇರವಾಗಿ ಕೇಳುವುದಿಲ್ಲ. "ಕಾನೂನಿನ ಪುಸ್ತಕಗಳು ಎಲ್ಲಿವೆ?" ಅನ್ನುತ್ತಾರೆ. ಬೇಕಿರುವುದು ಮನೆ ಮಾಲೀಕರು ಅಡ್ವಾನ್ಸ್ ವಾಪಸ್ ಕೊಡದಿದ್ದರೆ ಏನು ಮಾಡಬಹುದೆಂಬ ಎರಡು ಪುಟದ ಮಾಹಿತಿ. ಗ್ರಂಥಾಲಯ ವಿಜ್ಞಾನದ ವಿದ್ವಾಂಸ ರಾಬರ್ಟ್ ಟೇಲರ್ 1968ರಲ್ಲಿ ಇದನ್ನು ನಾಲ್ಕು ಹಂತಗಳಲ್ಲಿ ವಿವರಿಸಿದರು. ಮೊದಲು ಮಾತಿಗೆ ಸಿಗದ ಕೊರತೆ, ಆಮೇಲೆ ಮಸುಕಾದ ಪ್ರಶ್ನೆ, ನಂತರ ಸ್ಪಷ್ಟ ಪ್ರಶ್ನೆ, ಕೊನೆಗೆ "ಇಲ್ಲಿ ಏನು ಸಿಕ್ಕೀತು" ಎಂದು ಊಹಿಸಿ ಅದಕ್ಕೆ ತಕ್ಕಂತೆ ಬದಲಾಯಿಸಿಕೊಂಡ ಪ್ರಶ್ನೆ. ಡೆಸ್ಕಿಗೆ ಬರುವುದು ಈ ನಾಲ್ಕನೆಯದು. ಅಲ್ಲಿಂದ ಹಿಂದಕ್ಕೆ ನಡೆಸಿಕೊಂಡು ಹೋಗುವುದೇ ಗ್ರಂಥಪಾಲಕರ ಕೆಲಸ.

ಇದು ಚೆನ್ನಾಗಿ ನಡೆಯುವ ಕಡೆ ಕೈ ಕೀಬೋರ್ಡಿಗೆ ತಡವಾಗಿ ಹೋಗುತ್ತದೆ. ಮೊದಲು ಒಂದು ತೆರೆದ ಪ್ರಶ್ನೆ: "ಕಾನೂನಿನಲ್ಲಿ ಯಾವ ವಿಷಯ ನೋಡ್ತಿದ್ದೀರಿ, ಸ್ವಲ್ಪ ಹೇಳ್ತೀರಾ?" ಅದಾದ ಮೇಲೆ ಓದುಗರು ಎಲ್ಲಿ ಸಿಕ್ಕಿಕೊಂಡಿದ್ದಾರೆ, ಸಿಕ್ಕ ಮಾಹಿತಿಯಿಂದ ಏನು ಮಾಡಬೇಕೆಂದಿದ್ದಾರೆ ಅನ್ನುವುದು. ಸಂಶೋಧಕರಾದ ಬ್ರೆಂಡಾ ಡರ್ವಿನ್ ಮತ್ತು ಪೆಟ್ರೀಷಿಯಾ ಡ್ಯೂಡ್ನಿ 1986ರಲ್ಲಿ ವಿವರಿಸಿದ ತಟಸ್ಥ ಪ್ರಶ್ನೆಯ ವಿಧಾನ ಇದೇ. "ಯಾಕೆ ಬೇಕು?" ಎಂದು ಮಾತ್ರ ಕೇಳಬಾರದು, ಅದು ವಿಚಾರಣೆಯಂತೆ ಕೇಳಿಸುತ್ತದೆ, ಕಾಯಿಲೆ, ಸಾಲ, ವಿಚ್ಛೇದನದ ವಿಷಯ ಹಿಡಿದು ಬಂದವರು ಅಲ್ಲಿಗೇ ಬಾಯಿ ಮುಚ್ಚುತ್ತಾರೆ. "ಯಾವುದಕ್ಕೆ ಬಳಸ್ತೀರಿ ಅಂತ ಗೊತ್ತಾದರೆ ಸರಿಯಾದದ್ದನ್ನು ಹುಡುಕಬಹುದು" ಎಂದರೆ ಅದೇ ಉತ್ತರ ನೋವಿಲ್ಲದೆ ಬರುತ್ತದೆ. ಚಿಕ್ಕ, ಖಚಿತ ಉತ್ತರದ ಪ್ರಶ್ನೆಗಳ ಸರದಿ ಆಮೇಲೆ: ಯಾವ ಭಾಷೆ, ಎಷ್ಟು ಆಳ, ಯಾವ ದಿನದೊಳಗೆ, ಈಗಾಗಲೇ ಏನೇನು ನೋಡಿದ್ದೀರಿ. ಕೊನೆಯದನ್ನು ಕೇಳದವರು ಓದುಗರು ನಿನ್ನೆ ವಾಪಸ್ ಇಟ್ಟ ಪುಸ್ತಕವನ್ನೇ ಮತ್ತೆ ಕೈಗಿಡುತ್ತಾರೆ. ಎಲ್ಲ ಮುಗಿದ ಮೇಲೆ ಪ್ರಶ್ನೆಯನ್ನು ತಮ್ಮ ಮಾತಿನಲ್ಲಿ ಒಮ್ಮೆ ಹೇಳಿ ಒಪ್ಪಿಗೆ ಪಡೆಯಬೇಕು. ಹತ್ತು ಸೆಕೆಂಡಿನ ಈ ಕೆಲಸ ಅರ್ಧ ಗಂಟೆಯ ದಿಕ್ಕುಗೆಟ್ಟ ಹುಡುಕಾಟವನ್ನು ತಪ್ಪಿಸುತ್ತದೆ.

ಹಾಗಂತ ಎಲ್ಲರಿಗೂ ಇಷ್ಟು ಪ್ರಶ್ನೆ ಬೇಕಿಲ್ಲ. ಜೆರಾಕ್ಸ್ ಯಂತ್ರ ಎಲ್ಲಿದೆ ಎಂದವರಿಗೆ ದಾರಿ ತೋರಿಸಿದರೆ ಸಾಕು!

ಅಂಕ ಕಳೆಯಬೇಕಾದ ಜಾಗಗಳೂ ಇವೆ. ಮೊದಲ ಪದ ಕಿವಿಗೆ ಬಿದ್ದ ತಕ್ಷಣ ಕ್ಯಾಟಲಾಗಿನಲ್ಲಿ ಟೈಪ್ ಮಾಡುವುದು. ಕಪಾಟಿನಲ್ಲಿ ಪುಸ್ತಕದ ಜಾಗ ತಿಳಿಸುವ ವರ್ಗ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಟ್ಟು ಸಾಗಹಾಕುವುದು. ಕಪಾಟಿನಲ್ಲಿ ಪುಸ್ತಕ ಇಲ್ಲದಿದ್ದರೆ ಓದುಗರು ಹೆಚ್ಚಾಗಿ ಡೆಸ್ಕಿಗೆ ಮರಳುವುದಿಲ್ಲ, ಸುಮ್ಮನೆ ಮನೆಗೆ ಹೋಗುತ್ತಾರೆ. "ಇಂಟರ್ನೆಟ್‌ನಲ್ಲಿ ನೋಡಿ" ಅನ್ನುವುದೂ ಸಾಗಹಾಕುವ ಇನ್ನೊಂದು ವಿಧಾನ. ಬೇರೆ ಕಡೆ ಕಳಿಸುವುದಾದರೆ ಅಲ್ಲಿ ಅದು ಇದೆಯೇ ಎಂದು ಫೋನ್ ಮಾಡಿ ಖಚಿತಪಡಿಸಿಕೊಂಡೇ ಕಳಿಸಬೇಕು. ಔಷಧಿ, ಕಾನೂನಿನ ಪ್ರಶ್ನೆಗಳಲ್ಲಿ ದೋಷ ಎದುರು ದಿಕ್ಕಿನಲ್ಲಿರುತ್ತದೆ: ಆಕರ ತೋರಿಸುವ ಬದಲು ಸಲಹೆಯನ್ನೇ ಕೊಟ್ಟುಬಿಡುವುದು.

ಸಂಶೋಧಕರಾದ ಹರ್ನನ್ ಮತ್ತು ಮೆಕ್‌ಕ್ಲೂರ್ 1986ರಲ್ಲಿ, ಗ್ರಂಥಪಾಲಕರಿಗೆ ತಿಳಿಯದಂತೆ ಗುಟ್ಟಾಗಿ ನಡೆಸಿದ ಪರೀಕ್ಷೆಗಳ ಆಧಾರದ ಮೇಲೆ, ರೆಫರೆನ್ಸ್ ಡೆಸ್ಕಿನಲ್ಲಿ ಸಿಗುವ ಸರಿಯುತ್ತರದ ಪ್ರಮಾಣ ಸುಮಾರು ಶೇ. 55 ಎಂದಿದ್ದರು. ಚಿಕ್ಕ ವಾಸ್ತವಾಂಶದ ಪ್ರಶ್ನೆಗಳನ್ನಷ್ಟೇ ಅಳೆದ ಸಂಖ್ಯೆ ಅದು, ಇಡೀ ಸೇವೆಗೆ ಹಚ್ಚುವುದು ನ್ಯಾಯವಲ್ಲ. ಆದರೂ ಈ ಪ್ರಮಾಣವನ್ನು ಸುಧಾರಿಸುವ ಅಗ್ಗದ ಉಪಾಯ ಕೈಯಲ್ಲೇ ಇದೆ, ಬೀಳ್ಕೊಡುವ ಮುಂಚಿನ ಒಂದು ಮಾತು: "ನಿಮಗೆ ಬೇಕಿದ್ದದ್ದು ಪೂರ್ತಿ ಸಿಕ್ಕಿತೇ?" ಅಮೆರಿಕನ್ ಲೈಬ್ರರಿ ಅಸೋಸಿಯೇಷನ್‌ನ ರೆಫರೆನ್ಸ್ ವಿಭಾಗ 1996ರಲ್ಲಿ ತಂದ ಮಾರ್ಗಸೂಚಿಯಲ್ಲೂ ಇದಕ್ಕೆ ಪ್ರತ್ಯೇಕ ಸ್ಥಾನವಿದೆ. "ಸಾಕಲ್ವಾ?" ಎಂದು ಕೇಳಿದರೆ ಸಂಕೋಚದಿಂದ ಸಾಕು ಅಂದುಬಿಡುತ್ತಾರೆ, ಹಾಗಾಗಿ ಕೇಳುವ ಧಾಟಿಯೂ ಮುಖ್ಯ.

ಮುಖಾಮುಖಿ ಸೇವೆಗೆ ಐದಕ್ಕೆ ನಾಲ್ಕೂವರೆ, ಪರದೆಯನ್ನು ಓದುಗರ ಕಡೆ ತಿರುಗಿಸಿ ಹುಡುಕುವುದಾದರೆ. ಫೋನಿಗೆ ಮೂರೂವರೆ. ಚಾಟ್‌ಗೆ ಮೂರು: ಹುಡುಕುತ್ತಿರುವವರ ಮೌನವನ್ನು ಎದುರಿನವರು ಸಂಪರ್ಕ ಕಡಿದುಹೋಯಿತೆಂದು ತಿಳಿದು ಹೊರಟುಬಿಡುತ್ತಾರೆ, ಎರಡು ಮೂರು ನಿಮಿಷಕ್ಕೊಮ್ಮೆ "ಇನ್ನೂ ನೋಡುತ್ತಿದ್ದೇನೆ, ಒಂದು ಲೇಖನ ಸಿಕ್ಕಿದೆ" ಎಂದಾದರೂ ಬರೆಯಬೇಕು. ಇಮೇಲ್‌ನ ಅಂಕ ಫಾರ್ಮಿನ ಮೇಲೆ ನಿಂತಿದೆ. ಒಂದೊಂದು ಮರುಪ್ರಶ್ನೆಗೂ ಒಂದು ದಿನ ಹೋಗಬಹುದಾದ್ದರಿಂದ ಉದ್ದೇಶ, ಗಡುವು, ಭಾಷೆ, ಈಗಾಗಲೇ ನೋಡಿದ ಆಕರ, ಈ ನಾಲ್ಕು ಕಾಲಂ ಫಾರ್ಮಿನಲ್ಲೇ ಇರಬೇಕು. ಬರೀ "ನಿಮ್ಮ ಪ್ರಶ್ನೆ" ಎಂಬ ಖಾಲಿ ಚೌಕವಿದ್ದರೆ ಒಂದೂವರೆಗಿಂತ ಹೆಚ್ಚು ಕೊಡಲಾಗದು.